ಗುಮ್ಮನ ಬಾಲ

ಅಕ್ಕನ ಬಲಗೈಯ ಅಂಚು, ಕಿರುಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ, ಯಾವಾಗಲೂ ಪೆನ್ಸಿಲ್ ಮಸಿಯಿಂದ ಬೂದುಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಏಸಿ ಕೋಣೆಯಲ್ಲೂ ಬೆವರುವ ಜೀವ. ಅದೇ ಕೈಯಲ್ಲಿ ಹಣೆ ಒರೆಸಿಕೊಳ್ಳುವುದರಿಂದ ಮಧ್ಯಾಹ್ನದ ಹೊತ್ತಿಗೆ ಕುಂಕುಮದ ಪಕ್ಕ ಒಂದು ಬೂದು ಗೆರೆಯೂ ಮೂಡಿರುತ್ತಿತ್ತು. ಕೊಂಡಾಪುರದ ನಮ್ಮ ಆಫೀಸಿನಲ್ಲಿ ಉಳಿದವರೆಲ್ಲ ಗಾಜಿನ ಹಲಗೆಯ ಮೇಲೆ ಪ್ಲಾಸ್ಟಿಕ್ ಕಡ್ಡಿಯಿಂದ ಚಿತ್ರ ಬರೆಯುತ್ತಿದ್ದೆವು. ನಮ್ಮ ಕೈಗಳು ಬ್ಯಾಂಕಿನವರ ಕೈಗಳಷ್ಟು ಚೊಕ್ಕಟ. ಕಾಫಿ ಯಂತ್ರದ ಗುಂಡಿಯ ಮೇಲೆ ಬೂದು ಬೆರಳಚ್ಚು ಕಂಡರೆ ಅಕ್ಕ ಆಗಲೇ ಬಂದಿದ್ದಾರೆ ಎಂದು ತಿಳಿದುಕೊಳ್ಳುತ್ತಿದ್ದೆವು.

ನಾವು ಮೊಬೈಲ್ ಆಟಗಳನ್ನು ಮಾಡುವವರು. ಅಕ್ಕ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಚಿತ್ರಗಾರ್ತಿ. ರಾಯಚೂರು ಕಡೆಯವರು, ರೈಲ್ವೆ ನೌಕರನನ್ನು ಮದುವೆಯಾಗಿ ಮಲ್ಕಾಜ್‌ಗಿರಿಗೆ ಬಂದವರು. ಮೊದಲು ನಾಚಾರಂನ ಒಂದು ಮುದ್ರಣ ಕಾರ್ಖಾನೆಯಲ್ಲಿ ಉಪ್ಪಿನಕಾಯಿ ಬಾಟಲಿಗೆ, ಅಗರಬತ್ತಿ ಪೊಟ್ಟಣಕ್ಕೆ ಲೇಬಲ್ ಬರೆಯುತ್ತಿದ್ದರಂತೆ. ಮೈಸೂರಿನಿಂದ ಬಂದ ನಾನು ಮೊದಲ ದಿನ ಮೇಡಂ ಎಂದು ಕರೆದಾಗ ತಲೆ ಎತ್ತದೆಯೇ ಹೇಳಿದ್ದರು: “ಮೇಡಂ ಅನಬ್ಯಾಡಪಾ, ಹಲ್ಲಿನ ಡಾಕ್ಟರನ್ನ ಕರದಂಗ ಆಗತೈತಿ. ಅಕ್ಕಾ ಅನು.”

ಅಕ್ಕನಿಗೆ ಹೆಸರು ತಂದುಕೊಟ್ಟದ್ದು ಒಂದು ರಾಕ್ಷಸ. ಆಟದಲ್ಲಿ ಅದಕ್ಕೆ ನಾಲಿಗೆ ತಿರುಗದ ಇಂಗ್ಲಿಷ್ ಹೆಸರಿತ್ತು. ಅಕ್ಕ ಗುಮ್ಮ ಎನ್ನುತ್ತಿದ್ದರು, ನಾವೂ ಅದನ್ನೇ ಹಿಡಿದೆವು. ಪಾಳುಬಿದ್ದ ಕೋಟೆಯ ಬಾವಿಯಿಂದ ಎದ್ದು ಬರುವ ಪ್ರಾಣಿ ಅದು. ಎಮ್ಮೆಯ ಹೆಗಲು, ಉಡದ ಚರ್ಮ, ಬಾಗಿದ ಬೆನ್ನು, ಅರ್ಧ ಮುಚ್ಚಿದ ಒಂದು ಕಣ್ಣು, ಮೋಟು ಬಾಲ. ಆಡುವವರು ಅದಕ್ಕೆ ಹೆದರುತ್ತಿದ್ದರು, ಕೊಂದ ಮೇಲೆ ಪಾಪ ಎನ್ನುತ್ತಿದ್ದರು.

ಎರಡನೆಯ ಆಟಕ್ಕೆ ಗುಮ್ಮನನ್ನು ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ವಯಸ್ಸು ಇಪ್ಪತ್ತೈದು, ಉಮೇದು ಜಾಸ್ತಿ. ನಾಲ್ಕು ಕೊಂಬು ಕೊಟ್ಟೆ, ಉರಿಯುವ ಕಣ್ಣು ಕೊಟ್ಟೆ, ಮೂರು ಸೀಳಿನ ಉದ್ದ ಬಾಲ ಕೊಟ್ಟೆ. ಬೆನ್ನಿಗೆ ಕಂಚಿನ ಕವಚ ತೊಡಿಸಿ, ಅದರ ಒಂದೊಂದು ಬಿಲ್ಲೆಯ ಮೇಲೂ ಬಳ್ಳಿ ಕೆತ್ತಿದೆ. ಕವಚಕ್ಕೇ ನಾಲ್ಕು ತಿಂಗಳು ಹಿಡಿಯಿತು. ಆಟ ಬಿಡುಗಡೆಯಾದ ವಾರದಲ್ಲೇ ಜನ ಉಗಿಯತೊಡಗಿದರು. ‘ಮದುವೆ ಬ್ಯಾಂಡಿನವನ ಹಾಗಿದೆ’ ಎಂದು ಒಬ್ಬ ಬರೆದಿದ್ದ. ಆಫೀಸಿನಲ್ಲಿ ಎಲ್ಲರೂ ಅದನ್ನು ಓದಿ ನಕ್ಕರು. ಅಕ್ಕ ನಕ್ಕರೋ ಇಲ್ಲವೋ ನಾನು ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ.

ಮೂರನೆಯ ಆಟಕ್ಕೆ ಕಂಪನಿಯ ಯಜಮಾನರು ನಮ್ಮಿಬ್ಬರನ್ನೂ ಕೂರಿಸಿ, ಹಳೆಯ ಗುಮ್ಮನ ಜೀವ, ಹೊಸ ಗುಮ್ಮನ ಠೀವಿ ಎರಡೂ ಕೂಡಿಸಿ ಒಂದು ಮಾಡಿ ಎಂದರು. ನನ್ನ ಒಪ್ಪಂದದ ಅವಧಿ ಮುಗಿಯುತ್ತಾ ಬಂದಿತ್ತು. ಈ ಗುಮ್ಮನೂ ಬಿದ್ದುಹೋದರೆ ನಾನು ಗಂಟುಮೂಟೆ ಕಟ್ಟಬೇಕಿತ್ತು.

ಎರಡೇ ದಿನದಲ್ಲಿ ಒಂದು ಚಿತ್ರ ಮಾಡಿ ಅಕ್ಕನ ಮುಂದಿಟ್ಟೆ. ಹಳೇ ತಲೆಗೆ ಹೊಸ ಕೊಂಬು, ಒಂದು ಕಣ್ಣು ಅವರದು, ಒಂದು ಕಣ್ಣು ನನ್ನದು, ಮುಂಗಾಲು ಹಳೆಯವು, ಹಿಂಗಾಲು ಹೊಸವು. ಅಕ್ಕ ಕನ್ನಡಕ ಏರಿಸಿ ನೋಡಿದರು.

“ಇದು ಗುಮ್ಮ ಅಲ್ಲೋ ತಮ್ಮಾ, ಪಾಲುಪಟ್ಟಿ. ಅಣ್ಣತಮ್ಮರು ಮನಿ ಹಂಚಿಕೊಂಡಂಗ ಹಂಚೀದಿ. ಯಾರಿಗೂ ಮೋಸ ಆಗಿಲ್ಲ, ಖರೇ. ಆದ್ರ ದೆವ್ವ ಎಲ್ಲೈತಿ ಇದರಾಗ?”

ಆಮೇಲೆ ಖಾನೆಯಿಂದ ಬಟರ್ ಪೇಪರ್ ಸುರುಳಿ ತೆಗೆದರು. ಒಂದು ಹಾಳೆಯ ಮೇಲೆ ತಮ್ಮ ಗುಮ್ಮನ ಗೆರೆಗಳನ್ನು ಇಳಿಸಿಕೊಂಡರು, ಇನ್ನೊಂದರ ಮೇಲೆ ನನ್ನ ಗುಮ್ಮನ ಗೆರೆಗಳನ್ನು. ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಅಂಟಿಸಿದರು. ಹೊರಗಿನ ಬಿಸಿಲಿನಲ್ಲಿ, ಎದುರಿನ ಅಪಾರ್ಟ್‌ಮೆಂಟ್ ಕಟ್ಟುವ ಕ್ರೇನಿನ ಮೇಲೆ ಎರಡು ಗುಮ್ಮಗಳು ನಿಂತವು. ಗೆರೆಗೆ ಗೆರೆ ಕೂಡಿದ್ದ ಕಡೆ ಮಾತ್ರ ಅಕ್ಕ ಪೆನ್ಸಿಲ್ ಒತ್ತಿ ತಿದ್ದಿದರು. ಕೂಡಿದ್ದು ಒಂದೇ ಕಡೆ, ಕತ್ತಿನಿಂದ ಸೊಂಟದವರೆಗೆ ಬಾಗಿದ ಬೆನ್ನಿನ ಗೆರೆ. ಹಳೆಯದನ್ನೆಲ್ಲ ಕಿತ್ತೊಗೆದೆ ಎಂದುಕೊಂಡಿದ್ದವನು ಅವರ ಬೆನ್ನನ್ನು ಹಾಗೇ ಇಟ್ಟುಕೊಂಡಿದ್ದೆ, ನನಗೇ ಗೊತ್ತಿರಲಿಲ್ಲ.

“ಇಬ್ಬರಿಗೂ ಬೇಕಾಗಿದ್ದು ಇದೊಂದ. ಇಲ್ಲಿಂದ ಶುರು ಮಾಡು” ಎಂದರು. “ಇನ್ನೊಂದು ಮಾತು. ನಾಚಾರಂದಾಗ ನಾಕು ಮಂದಿ ಕೂಡಿ ಒಂದ ಲೇಬಲ್ ಬರೀತಿದ್ವಿ. ಒಬ್ಬರ ಗೆರಿಗೆ ಇನ್ನೊಬ್ಬರು ರಬ್ಬರ್ ಹಚ್ಚಂಗಿಲ್ಲ. ನಂದು ನಾ ಅಳಸ್ತೀನಿ, ನಿಂದು ನೀ ಅಳಸು. ನಂದು ಬ್ಯಾಡ ಅನಿಸಿದ್ರ ಕೇಳು.”

ಅಕ್ಕ ಮೊದಲು ಅಳಿಸಿದ್ದು ಆ ಅರ್ಧ ಮುಚ್ಚಿದ ಕಣ್ಣನ್ನು. ನಾನು ಗಾಬರಿಯಾದೆ. “ಅಕ್ಕಾ, ಜನ ಕೇಳ್ತಿರೋದೇ ಆ ಕಣ್ಣನ್ನ.”

“ಆವಾಗ ಫೋನು ಸಣ್ಣದಿತ್ತು. ಎರಡ ಚುಕ್ಕಿಯೊಳಗ ಅದರ ನೋವು ತೋರಸಬೇಕಿತ್ತು. ಈಗ ಪೂರಾ ಮಾರಿ ಐತಿ. ಎಲ್ಲಾ ಭಾರ ಕಣ್ಣಿಗೇ ಯಾಕ ಹಾಕೂದು?” ಎಂದು ಹೇಳಿ ರಬ್ಬರಿನ ಪುಡಿಯನ್ನು ಉಫ್ ಎಂದು ಊದಿದರು. ಹತ್ತು ವರ್ಷ ಜನ ಕೊಂಡಾಡಿದ ಕಣ್ಣು ನನ್ನ ಕೀಬೋರ್ಡಿನ ಮೇಲೆ ಉದುರಿತು.

ಈಗ ನನ್ನ ಸರದಿ. ಕವಚ ಹೋಗಬೇಕು ಎಂದು ನನಗೂ ಕಾಣುತ್ತಿತ್ತು, ಅದರ ಅಡಿಯಲ್ಲಿ ಬೆನ್ನಿನ ಗೆರೆ ಮುಚ್ಚಿಹೋಗಿತ್ತು. ಎರಡು ದಿನ ಏನೇನೋ ನೆಪ ಹೇಳಿದೆ. ಅಕ್ಕ ಊಟದ ಹೊತ್ತಿಗೆ ಎಂದಿನಂತೆ ಜೋಳದ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಾಕಿ, ಅರ್ಧ ನನ್ನ ಡಬ್ಬಿಯ ಮುಚ್ಚಳದಲ್ಲಿ ಇಟ್ಟರು. ಮೂರನೆಯ ದಿನ ಅಳಿಸಿದೆ.

“ಕೈ ನೋವಾತೇನು?” ಎಂದು ಕೇಳಿದರು.

“ಹೊಟ್ಟೆ ನೋವಾಯ್ತು ಅಕ್ಕಾ.”

ಜೋರಾಗಿ ನಕ್ಕರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೀಗೆ ಮೂರು ವಾರ ನಡೆಯಿತು. ಹಾಳೆಯ ಮೇಲೆ ಒಪ್ಪಿಗೆಯಾದದ್ದನ್ನು ನಾನು ಕಂಪ್ಯೂಟರಿಗೆ ಇಳಿಸಿ ಚಲಿಸುವಂತೆ ಮಾಡುತ್ತಿದ್ದೆ. ಕೊಂಬುಗಳು ಎರಡಕ್ಕೆ ಇಳಿದವು, ಚರ್ಮ ಬದಲಾಯಿತು. ಗುಮ್ಮ ಚೆನ್ನಾಗಿ ಬರುತ್ತಿತ್ತು. ಆದರೆ ನೋಡಿದೊಡನೆ ಇದು ನನ್ನದು ಎಂದು ತೋರಿಸಲು ಅದರಲ್ಲಿ ಏನೂ ಉಳಿಯುತ್ತಿರಲಿಲ್ಲ. ಇನ್ನು ಬಾಲವೊಂದೇ ತೀರ್ಮಾನವಾಗಬೇಕಿತ್ತು. ಅಕ್ಕನ ಮೋಟು ಬಾಲ ಹಾಳೆಯ ಮೇಲೆ ಹಾಗೇ ಇತ್ತು. “ಯಾರೋ ನಮಗಿಂತ ಮೊದಲ ಬಂದು ಇದನ್ನ ಹೊಡದಾರ, ಸಾಯಿಸಾಕ ಆಗಿಲ್ಲ ಅಂತ ಆಡಾವ್ರಿಗೆ ತಿಳೀಬೇಕು” ಎಂದು ಒಮ್ಮೆ ಹೇಳಿದ್ದರು. ಮೂರು ಸೀಳಿನ ನನ್ನ ಉದ್ದ ಬಾಲ ಬೇರೆ ಫೈಲಿನಲ್ಲಿ ಕಾಯುತ್ತಿತ್ತು. ಗುಮ್ಮನಿಗೆ ಅದೇ ಒಪ್ಪುತ್ತದೆ ಎಂದು ನನಗೆ ಅನಿಸುತ್ತಿತ್ತು. ಕೇಳಬಹುದಿತ್ತು. ಇಲ್ಲ ಎಂದುಬಿಟ್ಟರೆ ಎಂಬ ಭಯಕ್ಕೆ ಕೇಳಲಿಲ್ಲ.

ಶುಕ್ರವಾರ ಯಜಮಾನರು ನೋಡುವುದಿತ್ತು. ಗುರುವಾರ ಅಕ್ಕ ರಜೆ ಹಾಕಿ ಆಸ್ಪತ್ರೆಗೆ ಹೋದರು. ಸುಮ್ಮನೆ ಚೆಕಪ್ಪು ಎಂದಿದ್ದರು. ಅಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಎದ್ದಾಗ, ನಾನು ಫೈಲು ತೆರೆದು ಅಕ್ಕನ ಮೋಟು ಬಾಲವನ್ನು ಅಳಿಸಿ ನನ್ನದನ್ನು ಕೂರಿಸಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಮರುದಿನ ದೊಡ್ಡ ಪರದೆಯ ಮೇಲೆ ಗುಮ್ಮ ಬಾವಿಯಿಂದ ಎದ್ದು, ತಿರುಗಿ, ಬಾಲ ಬೀಸಿತು. ಅಕ್ಕ ಅದನ್ನು ಕಂಡದ್ದೂ ಆಗಲೇ. ಯಜಮಾನರು ಕುರ್ಚಿಯಲ್ಲಿ ಮುಂದೆ ಬಾಗಿ, ಹೋದ ವಾರ ಮೋಟು ಬಾಲ ಇತ್ತಲ್ಲ, ಯಾರು ಬದಲಾಯಿಸಿದ್ದು ಎಂದು ಹಿಂದಿಯಲ್ಲಿ ಕೇಳಿದರು. ಅವರ ದನಿಯಲ್ಲಿ ಮೆಚ್ಚುಗೆ ಇತ್ತೋ ಸಿಟ್ಟಿತ್ತೋ ತಿಳಿಯಲಿಲ್ಲ.

“ಮೈಚ್ ಬೋಲೀ” ಎಂದರು ಅಕ್ಕ. ಬದಲಾಯಿಸು ಎಂದು ತಾನೇ ಹೇಳಿದ್ದಾಗಿ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಗುಮ್ಮ ಪಾಸಾಯಿತು, ನನ್ನ ಕೆಲಸ ಕಾಯಂ ಆಯಿತು. ಸೋಮವಾರ ಅಕ್ಕ ರೊಟ್ಟಿ ಮುರಿದು ಎಂದಿನ ಹಾಗೆ ಅರ್ಧ ನನಗೆ ಕೊಟ್ಟರು. ನಾನು ತಿಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆಮೇಲೆ ಅವರ ರಜೆಗಳು ಹೆಚ್ಚಾದವು, ಒಂದು ದಿನ ಬರುವುದೇ ನಿಂತಿತು. ಕಾಯಿಲೆ ಏನೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಗುವ ಹೊತ್ತಿಗೆ ಅದು ಕೈಮೀರಿತ್ತು. ಮಲ್ಕಾಜ್‌ಗಿರಿಯ ಅವರ ಮನೆಗೆ ಹೋದೆ. ಅವರ ಗಂಡ ಬೆನ್ನಿಗೆ ದಿಂಬು ಕೊಟ್ಟು ಅವರನ್ನು ಎಬ್ಬಿಸಿ ಕೂರಿಸಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆಟ್ಟಗೆ ಬರಲಿಲ್ಲ.

“ಅಕ್ಕಾ, ಆ ಬಾಲ... ನಿಮ್ಮನ್ನ ಕೇಳದೆ ನಾನು...”

“ಗೊತ್ತೈತಿ ಬಿಡು” ಎಂದರು. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. “ಬಾಲ ನಿಂದ ಚಂದಿತ್ತು. ಖರೇನ ಭಾಳ ಚಂದಿತ್ತು. ಕೇಳಿದ್ರ ನಂದು ನಾನ ಅಳಸ್ತಿದ್ನಲ್ಲೋ.” ಆಮೇಲೆ ಗಂಡನ ಕಡೆ ನೋಡಿ, “ಇವಗ ಛಾ ಕೊಡ್ರಿ” ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು, ಅವರ ಮಟ್ಟಿಗೆ. ಮೂರು ವಾರದ ಮೇಲೆ ಹೋಗಿಬಿಟ್ಟರು. ಮೂರನೆಯ ಆಟ ಜನರ ಕೈಗೆ ಬಂದದ್ದನ್ನು ಅವರು ನೋಡಲಿಲ್ಲ.

ಆಟ ಗೆದ್ದಿತು. ಜನ ಬಾಲವನ್ನು ಹೊಗಳಿದರು. ಹೊಗಳಿದಾಗೆಲ್ಲ ನಾನು ಥ್ಯಾಂಕ್ಸ್ ಎನ್ನುತ್ತೇನೆ.

ಈಗ ಅಕ್ಕನ ಜಾಗದಲ್ಲಿ ನಾನಿದ್ದೇನೆ. ನಾಲ್ಕನೆಯ ಗುಮ್ಮನಿಗಾಗಿ ಹುಬ್ಬಳ್ಳಿಯಿಂದ ಒಬ್ಬ ಹುಡುಗಿ ಬಂದಿದ್ದಾಳೆ, ಕೆಲಸದಲ್ಲಿ ಚುರುಕು. ಬಂದ ದಿನವೇ ಅವಳಿಗೆ ನಾಚಾರಂನ ಕಟ್ಟಳೆ ಹೇಳಿದೆ. ನಿನ್ನದನ್ನು ನೀನು ಅಳಿಸು, ನನ್ನದು ಬೇಡ ಅನಿಸಿದರೆ ಕೇಳು ಎಂದೆ. ಸೋಮವಾರ ಬೆಳಿಗ್ಗೆ ಹಾಳೆ ಹಿಡಿದುಕೊಂಡು ಬಂದಳು.

“ಸರ್ರ, ಈ ಬಾಲ ಬ್ಯಾಡ ಅನಸ್ತೈತ್ರಿ. ಅಳಸ್ತೀರೇನ್ರಿ?”

ಅವಳು ಹೇಳಿದ್ದು ಸರಿ, ಅದು ನನಗೆ ಆ ಕ್ಷಣದಲ್ಲೇ ಕಂಡಿತು. ನೋಡೋಣ ಎಂದು ಹೇಳಿ ಕಳಿಸಿದೆ. ಇವತ್ತು ಗುರುವಾರ. ಹಾಳೆ ಇನ್ನೂ ನನ್ನ ಮೇಜಿನ ಮೇಲೇ ಇದೆ.