ಹಲಗೆಯಲ್ಲಿ ಅಕ್ಕ

ನಮ್ಮ ಬೀದಿಯ ಬಡಗಿಯನ್ನು ಮಿತಭಾಷಿ ಎಂದರೆ ಅವನನ್ನು ಹೊಗಳಿದಂತಾಗುತ್ತದೆ. ಬಾಗಿಲು ಯಾವಾಗ ಕೊಡುತ್ತೀರಿ ಎಂದು ಕೇಳಿದರೆ "ಹೂಂ" ಎನ್ನುವ ಮನುಷ್ಯ. ಅದು ನಾಳೆಯೋ ಮುಂದಿನ ತಿಂಗಳೋ ಎಂಬುದನ್ನು ಆ ಹೂಂಕಾರದ ಉದ್ದ ನೋಡಿ ನಾವೇ ಅಂದಾಜು ಮಾಡಿಕೊಳ್ಳಬೇಕು. "ಇವರ ಪಾಲಿನ ಮಾತನ್ನೂ ಅತ್ತಿಗೆನೇ ಬಾಚ್ಕೊಂಡು ಹುಟ್ಟಿದಾರೆ" ಎಂದು ಅವನ ಹೆಂಡತಿ ನಗುತ್ತಿದ್ದಳು.

ಅತ್ತಿಗೆ ಎಂದರೆ ಬಡಗಿಯ ಅಕ್ಕ. ಬಸ್ಸಿನಲ್ಲಿ ಅರ್ಧ ದಿನದ ದಾರಿ, ಬೇರೊಂದು ಊರಿನಲ್ಲಿ ಮಗಳ ಜೊತೆ ಇದ್ದಳು. ಬಾಯಿ ಬಿಟ್ಟರೆ ಮೂರು ಮನೆಯಾಚೆಗೆ ಕೇಳುವ ಗಂಟಲು. ದಿನಾ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು. ಬಡಗಿ ಫೋನನ್ನು ಮೇಜಿನ ಮೇಲಿಟ್ಟು, ಮರಕ್ಕೆ ಉಜ್ಜುಗೊರಡು ಎಳೆಯುತ್ತ, ಅವಳ ಊರಿನ ಸಮಸ್ತ ವರದಿಯನ್ನೂ ಕೇಳಿಸಿಕೊಳ್ಳುತ್ತಿದ್ದ. ಮರ ಕೊಳ್ಳುವಾಗ ಚೌಕಾಸಿ ಮಾಡುವುದೂ ಅವಳೇ. ಫೋನನ್ನು ಮರದಂಗಡಿಯವನ ಕೈಗೆ ಕೊಟ್ಟರೆ ಮುಗಿಯಿತು. ಅವನು ಅದನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದು ಕೇಳಿ, "ಆಯ್ತಕ್ಕ, ಆಯ್ತಕ್ಕ" ಎಂದು ಒಪ್ಪಿಕೊಂಡು ಹಿಂದಿರುಗಿಸುತ್ತಿದ್ದ.

ಅಂಥ ಅಕ್ಕನ ಗಂಟಲಿಗೇ ಕಾಯಿಲೆ ಬಂತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದವಳು ಕತ್ತಿಗೆ ಬಟ್ಟೆ ಸುತ್ತಿಕೊಂಡು ಕೋಣೆ ಸೇರಿದಳು. ಯಾರು ನೋಡಲು ಬಂದರೂ ಮಲಗಿದ್ದಾಳೆಂದು ಮಗಳ ಕೈಲಿ ಹೇಳಿಸುತ್ತಿದ್ದಳು.

ಮಧ್ಯಾಹ್ನದ ಫೋನು ನಿಂತುಹೋಯಿತು. ಕೊನೆಗೊಂದು ದಿನ ತಮ್ಮನೇ ಫೋನ್ ಮಾಡಿದ. ಆ ಕಡೆ ಎತ್ತಿದ್ದು ತಿಳಿಯಿತು, ಉಸಿರು ಕೇಳಿಸಿತು. ಅವಳಿಗೆ ಮಾತಾಡಲು ಆಗದು, ಇವನಿಗೆ ಮಾತಾಡಲು ಬಾರದು. ಇಬ್ಬರೂ ಫೋನ್ ಇಟ್ಟರು.

"ಮೆಸೇಜ್ ಮಾಡಿ ಮಾವ, ಅಮ್ಮ ಓದ್ತಾರೆ" ಎಂದಳು ಅಕ್ಕನ ಮಗಳು. ಬಡಗಿಯ ಹೆಬ್ಬೆರಳೋ, ಬಾಗಿಲಿಗೆ ಹೊಡೆಯುವ ಬೆಣೆಯ ಗಾತ್ರದ್ದು. ಆ ಪುಟ್ಟ ಫೋನಿನಲ್ಲಿ ಒಂದಕ್ಷರ ಒತ್ತಿದರೆ ನೆರೆಹೊರೆಯ ಅಕ್ಷರಗಳೆಲ್ಲ ಎದ್ದು ಬರುತ್ತಿದ್ದವು. "ಊಟ ಆಯ್ತಾ" ಎಂದು ಕೇಳಲು ಹೋಗಿ "ಓಟ ಆಯ್ತಾ" ಎಂದು ಕಳಿಸಿದ. "ಈ ವಯಸ್ಸಲ್ಲಿ ಎಲ್ಲಿಗೋ ಓಡ್ಲಿ?" ಎಂದು ಉತ್ತರ ಬಂತು. ಅಕ್ಕನ ಒಳಗಿನ ಅಕ್ಕ ಇನ್ನೂ ಇದ್ದಾಳೆ ಎಂದು ಅವನಿಗೆ ಅನಿಸಿದ್ದು ಆಗಲೇ.

ಮರುದಿನ ಮೊಬೈಲ್ ಅಂಗಡಿಗೆ ಹೋಗಿ ಎರಡೂ ಕೈ ಅಗಲಿಸಿ ತೋರಿಸಿದ. "ಇಷ್ಟು ದೊಡ್ಡದು ಬೇಕು."

"ಅದು ಟಿವಿ ಅಂಕಲ್" ಎಂದಳು ಅಂಗಡಿಯ ಹುಡುಗಿ. ಕೈಗಳು ಒಂದಿಷ್ಟು ಹತ್ತಿರ ಬಂದ ಮೇಲೆ ಒಂದು ಟ್ಯಾಬ್ಲೆಟ್ ತೆಗೆದಿಟ್ಟಳು. "ಇದಕ್ಕೆ ಸಿಮ್ ಹಾಕ್ಕೊಡ್ತೀನಿ. ಆದ್ರೆ ಬರೀ ಡೇಟಾ. ನಂಬರ್ ಒತ್ತಿ ಕಾಲ್ ಮಾಡೋಕಾಗಲ್ಲ. ಮೆಸೇಜು, ಕಾಲು ಎಲ್ಲಾ ಆ್ಯಪ್‌ನಲ್ಲೇ. ಅವರ ಫೋನಲ್ಲೂ ಅದೇ ಆ್ಯಪ್ ಇರ್ಬೇಕು. ವಿಡಿಯೋ ಜಾಸ್ತಿ ಹಾಕಿದ್ರೆ ಡೇಟಾ ಬೇಗ ಖಾಲಿ ಆಗುತ್ತೆ. ಗೊತ್ತಾಯ್ತಾ?"

"ಹೂಂ" ಎಂದ. ಗೊತ್ತಾಗಿರಲಿಲ್ಲ.

ಕಿವಿಗೆ ಹಿಡಿಯಬೇಕಾಗಿಲ್ಲ ಎಂದು ಹೆಂಡತಿ ಎಷ್ಟು ಹೇಳಿದರೂ ಕೇಳಲಿಲ್ಲ. "ಫೋನ್ ಅಂದ್ಮೇಲೆ ಕಿವಿಗೆ ಹಿಡೀಬೇಕು" ಎಂದು, ಅರ್ಧ ಮುಖ ಮುಚ್ಚುವ ಆ ವಸ್ತುವನ್ನು ಕೆನ್ನೆಗೊತ್ತಿಕೊಂಡೇ ಬೀದಿಯಲ್ಲಿ ನಡೆದ. ಸಂಜೆಯೊಳಗೆ ಅವನಿಗೆ ಹಲಗೆ ಎಂಬ ಹೆಸರು ಬಿತ್ತು.

ಅಗಲವಾದ ಪರದೆಯಲ್ಲಿ ಅಕ್ಷರಗಳು ಬೆರಳಿಗೆ ಸಿಕ್ಕವು. ಅಕ್ಕ ಉದ್ದುದ್ದ ಬರೆದಳು, ಮಾತಾಡುತ್ತಿದ್ದ ಹಾಗೇ, ಉಸಿರು ಬಿಡದೆ. ತಮ್ಮನೋ, ಪ್ರತಿಯೊಂದಕ್ಕೂ "ಹೂಂ" ಎಂದು ಬರೆದ. ಅಕ್ಕನಿಗೆ ರೇಗಿತು.

"ಹೂಂ ಅನ್ನೋಕೆ ಇಷ್ಟು ದೊಡ್ಡದು ತಗೊಂಡ್ಯಾ? ಕಾಲ್ ಮಾಡಿ ಮಾತಾಡು. ನಂಗೆ ಹೋಗಿರೋದು ಗಂಟಲು, ಕಿವಿ ಅಲ್ಲ."

ಕಾಲ್ ಮಾಡಿದ. ಏನು ಹೇಳುವುದು? ಸುತ್ತ ನೋಡಿ, "ಕಿಟಕಿ ಮಾಡ್ತಿದೀನಿ" ಎಂದ. "ಯಾರಿಗೆ?" ಎಂಬ ಅಕ್ಷರ ಪರದೆಯ ಮೇಲೆ ಮೂಡಿತು. "ಹಲ್ಲಿನ ಡಾಕ್ಟರಿಗೆ." "ಇದ್ದ ಕಿಟಕಿಗೇನಾಯ್ತು?" ಹೀಗೆ ಬಾವಿಯಿಂದ ನೀರು ಸೇದಿದಂತೆ ಅಕ್ಕ ಒಂದೊಂದೇ ಮಾತನ್ನು ಮೇಲಕ್ಕೆಳೆದಳು. ಕೆಲವು ವಾರಗಳಲ್ಲಿ ಸೇದುವ ಅಗತ್ಯವೇ ಕಡಿಮೆಯಾಯಿತು. ಡಾಕ್ಟರ ಬೆಕ್ಕು ಹಸಿ ಬಣ್ಣದ ಮೇಲೆ ಮಲಗಿ, ಬೆನ್ನ ಮೇಲೆ ನೀಲಿ ಪಟ್ಟೆ ಹೊತ್ತುಕೊಂಡು ಓಡಾಡಿದ ಕಥೆಯನ್ನು ಅವನು ತಾನಾಗಿಯೇ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆದರೆ "ವಿಡಿಯೋ ಹಾಕ್ಲಾ?" ಎಂದಾಗಲೆಲ್ಲ ಅಕ್ಕನಿಂದ ಬರುತ್ತಿದ್ದುದು ಒಂದೇ ಪದ: "ಬೇಡ."

ಆ ಹೊತ್ತಿಗೆ ಅವನಿಗೊಂದು ದೊಡ್ಡ ಮನೆಯ ಮೆಟ್ಟಿಲಿನ ಕೆಲಸ ಸಿಕ್ಕಿತು. ಮರದಂಗಡಿಗೆ ಹೋದ. ಅಕ್ಕನ ದನಿ ಹೋದದ್ದು ಅಂಗಡಿಯವನಿಗೂ ತಿಳಿದಿತ್ತು. ಪಾಪ ಎಂದ, ಎಂದವನೇ ಹಸಿ ಮರ ತೋರಿಸಿ ಒಣ ಮರದ ಬೆಲೆಗಿಂತ ಹೆಚ್ಚು ಹೇಳಿದ. ಬಡಗಿ ಪಕ್ಕಕ್ಕೆ ಬಂದು ಅಕ್ಕನಿಗೆ ಕಾಲ್ ಮಾಡಿದ.

"ಮರ ಚೆನ್ನಾಗಿದೆ ಅಂತಾನೆ."

"ಅವನಂತಾನೆ. ನೀನೇನಂತೀಯ?"

"ಹಸಿ ಇದೆ."

"ಹಾಗಂತ ಅವನಿಗೆ ಹೇಳು."

ತಮ್ಮ ಅಂಗಡಿಯವನ ಕಡೆ ಹೆಜ್ಜೆ ಇಡಲಿಲ್ಲ. ಪರದೆಯ ಮೇಲೆ ಕೊನೆಗೂ ಬಂತು: "ವಿಡಿಯೋ ಹಾಕು."

ಅಕ್ಕನ ಮುಖ ಕಾಣಿಸಿತು. ಸೊರಗಿದ್ದಳು. ಕೂದಲು ಬೆಳ್ಳಗಾಗಿತ್ತು, ಕತ್ತಿನ ಬಟ್ಟೆ ಗಲ್ಲದವರೆಗೂ ಬಂದಿತ್ತು. ಅವನ ಕಣ್ಣು ಮಂಜಾಯಿತು. "ನನ್ನೇನ್ ನೋಡ್ತೀಯ, ಮರ ತೋರ್ಸು" ಎಂದು ಬರೆದಳು. ತೋರಿಸಿದ. "ಈಗ ನನ್ನ ಅವನ ಕಡೆ ತಿರುಗಿಸು."

ತಿರುಗಿಸಿ ಹಿಡಿದ. ಅಂಗಡಿಯವನು ಅಕ್ಕನ ಮುಖದ ಕೆಳಗೆ ಮೂಡಿದ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದಿದ: "ಈ ಮರ ಹಿಂಡಿದ್ರೆ ಬಿಂದಿಗೆ ನೀರು ಬರುತ್ತೆ. ಒಣಗಿದ್ದು ತೆಗಿ. ಬೆಲೆ ನೆಟ್ಟಗೆ ಹೇಳು."

"ಅಯ್ಯೋ ಅಕ್ಕಾ! ಚೆನ್ನಾಗಿದೀರಾ?" ಎಂದ. ಅಕ್ಕ ಬೆರಳೆತ್ತಿ, ಹುಬ್ಬು ಗಂಟಿಕ್ಕಿ ಅವನನ್ನೇ ನೋಡಿದಳು. ಅವನು ಬೆಲೆ ಸ್ವಲ್ಪ ಇಳಿಸಿದ. ಅಕ್ಕನ ಹುಬ್ಬು ಸಡಿಲಲಿಲ್ಲ. ಇನ್ನಷ್ಟು ಇಳಿಸಿದ. ರೆಪ್ಪೆ ಕೂಡ ಅಲುಗಲಿಲ್ಲ. "ನಿಮ್ಮ ತಮ್ಮ ಅಂದ್ರೆ ನನ್ನ ತಮ್ಮ ಇದ್ದ ಹಾಗೆ ಅಕ್ಕಾ" ಎಂದ. ಬೆರಳು ಹಾಗೇ ಮೇಲಿತ್ತು.

ಬಡಗಿಗೆ ಅನುಮಾನ ಬಂದು ಪರದೆಯನ್ನು ಇಣುಕಿ ನೋಡಿದ. ಡೇಟಾ ಮುಗಿದಿತ್ತು! ಅಕ್ಕ ಬೆರಳೆತ್ತಿದ ಭಂಗಿಯಲ್ಲೇ ಚಿತ್ರವಾಗಿ ನಿಂತುಬಿಟ್ಟಿದ್ದಳು. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಎಂದು ಬಾಯಿಬಿಡುತ್ತಿದ್ದರು. ಇವನು ಜೀವಮಾನವೆಲ್ಲ ಕಲಿತ ವಿದ್ಯೆಯನ್ನು ಪ್ರಯೋಗಿಸಿದ. ಸುಮ್ಮನಿದ್ದ.

ಅಂಗಡಿಯವನು ಬೆವರು ಒರೆಸಿಕೊಂಡು ಒಳಗಿನಿಂದ ಒಣಗಿದ ಹಲಗೆಗಳನ್ನು ಹೊರಗೆ ಹಾಕಿಸಿದ. ಗಾಡಿ ಬಾಡಿಗೆ ತನ್ನದೇ ಎಂದ. "ಅಕ್ಕನಿಗೆ ಸಮಾಧಾನ ಆಯ್ತಾ ಕೇಳಪ್ಪ."

"ಹೂಂ" ಎಂದ ಬಡಗಿ.

ಡೇಟಾ ಹಾಕಿಸಿಕೊಂಡ ಕೂಡಲೇ ಅಕ್ಕನ ಮೆಸೇಜುಗಳು ಸಾಲಾಗಿ ಬಂದು ಬಿದ್ದವು. ಎಲ್ಲಿ ಹೋದೆ, ಅವನೇನಂದ, ಮಣ್ಣು ತಿಂದ್ಯಾ, ಮಾತಾಡೋ. ವಿಡಿಯೋ ಹಾಕಿ ನಡೆದದ್ದನ್ನೆಲ್ಲ ಹೇಳಿದ. ಬರೀ ಹೇಳಲಿಲ್ಲ, ಅಂಗಡಿಯವನು ಬೆವರು ಒರೆಸಿಕೊಂಡದ್ದನ್ನು ಅಭಿನಯಿಸಿ ತೋರಿಸಿದ. ಅಕ್ಕ ನಕ್ಕಳು. ಸದ್ದೇ ಇಲ್ಲದ ನಗು. ಭುಜಗಳು ಕುಣಿಯುತ್ತಿದ್ದವು, ಕಣ್ಣಲ್ಲಿ ನೀರು, ಅಂಗೈಯಿಂದ ಮೇಜು ಬಡಿಯುತ್ತಿದ್ದಳು. ಏನೋ ಗಂಟಲಿಗೆ ಸಿಕ್ಕಿಕೊಂಡಿದೆ ಎಂದು ಮಗಳು ನೀರು ಹಿಡಿದು ಓಡಿಬಂದಳು. "ಮಾವ, ಏನ್ ಮಾಡಿದ್ರಿ ಅಮ್ಮಂಗೆ?" ಎನ್ನುತ್ತ, ಕಾರಣ ತಿಳಿಯದಿದ್ದರೂ ತಾನೂ ನಗತೊಡಗಿದಳು.

ಮುಂದಿನ ತಿಂಗಳು ಅಕ್ಕ ಬಸ್ಸು ಹತ್ತಿ ತಮ್ಮನ ಮನೆಗೇ ಬಂದಳು. ಕತ್ತಿನ ಬಟ್ಟೆ ಈಗ ಕಡುಗೆಂಪು. ಬೀದಿಯವರು ಮಾತಾಡಿಸಿದರೆ ಫೋನಿನಲ್ಲಿ ಟಪಟಪ ಬರೆದು ಮುಖಕ್ಕೆ ಹಿಡಿಯುತ್ತಿದ್ದಳು. ಮೊದಲು ಕಿವಿ ಮುಚ್ಚಿಕೊಳ್ಳುತ್ತಿದ್ದವರು ಈಗ ಕನ್ನಡಕ ಹುಡುಕಬೇಕಾಯಿತು. ಊರಿಗೆ ಹೊರಡುವ ಮೊದಲು, ಗಿರಾಕಿಗಳ ಮೆಸೇಜಿಗೆಲ್ಲ ಇನ್ನು ತಾನೇ ಉತ್ತರ ಕೊಡುವುದೆಂದು ತೀರ್ಮಾನಿಸಿ, ತಮ್ಮನನ್ನು ಒಂದು ಮಾತೂ ಕೇಳದೆ ತನ್ನ ನಂಬರನ್ನು ಅವನ ಮರಗೆಲಸದ ಅಂಗಡಿಯ ಬಾಗಿಲ ಮೇಲೆ ಬರೆಸಿದಳು. ಈಗ ಬಾಗಿಲು ಯಾವಾಗ ಕೊಡುತ್ತೀರಿ ಎಂದರೆ ಕೂಡಲೇ ಉತ್ತರ ಬರುತ್ತದೆ: "ಗುರುವಾರ. ಗುರುವಾರ ಅಂದ್ರೆ ಗುರುವಾರನೇ."

ಕಳೆದ ವಾರ ನಮ್ಮ ಮನೆಯ ಮೇಜಿನ ಡ್ರಾಯರ್ ಎಳೆದರೆ ಬರುತ್ತಿರಲಿಲ್ಲ. ಅಕ್ಕನಿಗೆ ಬರೆದೆ.

"ಒಳಗೆ ಏನೇನ್ ತುರುಕಿದ್ದೀರ? ಮೊದ್ಲು ಅದನ್ನೆಲ್ಲ ತೆಗೀರಿ. ಆಮೇಲೂ ಬರದಿದ್ರೆ ನನ್ನ ತಮ್ಮನ್ನ ಕಳಿಸ್ತೀನಿ."

ಸಂದಿಯಲ್ಲಿ ಕೈ ತೂರಿಸಿ ಹಳೆಯ ಚಾರ್ಜರುಗಳನ್ನೂ ಒಡೆದ ಛತ್ರಿಯನ್ನೂ ಈಚೆಗೆಳೆದೆ. ಡ್ರಾಯರ್ ಸಲೀಸಾಗಿ ಬಂತು.