ಮಧ್ಯಾಹ್ನಕ್ಕೆ ಕರೆದು ಮಾರಿದ ಕಾರು

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ದಾಂಡೇಲಿಯ ಚಳಿ ಈಗಿನಂತಿರಲಿಲ್ಲ. ಅಂಬೇವಾಡಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಎದ್ದರೆ ಎದುರುಮನೆ ಕಾಣುತ್ತಿರಲಿಲ್ಲ. ಕಾಗದದ ಕಾರ್ಖಾನೆಯ ಬೆಂದ ಬಿದಿರಿನ ವಾಸನೆ ಮಂಜಿನೊಳಗೇ ನಿಂತುಬಿಡುತ್ತಿತ್ತು. ಬಾಲ್ಯದ ನೆನಪೆಂದರೆ ಎಲ್ಲರೂ ತಮ್ಮದನ್ನು ಬರೆಯುತ್ತಾರೆ. ನಾನು ಬರೆಯುತ್ತಿರುವುದು ನನ್ನ ಮಗಳು ಸವಿತಾಳ ಬಾಲ್ಯದ ಒಂದು ಚಳಿಗಾಲವನ್ನು. ಅದನ್ನು ಕೆಡಿಸಿದವನು ನಾನು.

ನಾನಾಗ ಬಾಡಿಗೆ ಕಾರು ಓಡಿಸುತ್ತಿದ್ದೆ. ಯಾರೋ ಓಡಿಸಿ ಬಿಟ್ಟ ಹಳೆಯ ಪೆಟ್ರೋಲ್ ಕಾರು. ಆ ವರ್ಷ ಅದಕ್ಕೊಂದು ರೋಗ ಹಿಡಿಯಿತು. ಬೆಳಿಗ್ಗೆ ಎಷ್ಟು ಕೀಲಿ ತಿರುವಿದರೂ ಸ್ಟಾರ್ಟ್ ಆಗದು. ಬಿಸಿಲೇರಿದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ಯುವ ಹೊತ್ತಿಗೆ ರೋಗವೇ ಇರುತ್ತಿರಲಿಲ್ಲ. ಮೇಸ್ತ್ರಿ ಪ್ಲಗ್ ಒರೆಸಿ, ಬ್ಯಾಟರಿ ನೋಡಿ, "ಗಾಡಿ ಚೊಲೋ ಐತಲ್ರಿ. ನಿಮಗ ಥಂಡಿ ಆಗೇತಿ" ಎಂದು ನಗುತ್ತಿದ್ದ.

ರೋಗದ ಸುಳಿವು ಹಿಡಿದವಳು ಸವಿತಾ. ಅವಳಿಗಾಗ ಎಂಟು ವರ್ಷ. ಶಾಲೆಗೆ ಬಿಡುವ ಮುನ್ನ ಹಿಂದಿನ ಸೀಟಿನಲ್ಲಿ ನನ್ನ ಶಾಲು ಹೊದ್ದು, ಒಗ್ಗರಣೆ ಅವಲಕ್ಕಿ ತಿನ್ನುತ್ತ ಒರಗಿರುತ್ತಿದ್ದಳು. ಆ ಸೀಟಿನ ಕೆಳಗೇ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು. ಕೀಲಿ ತಿರುವಿದೊಡನೆ, ಇಂಜಿನ್ ಏಳುವ ಮೊದಲೇ, ಅದು ತುಸು ಹೊತ್ತು ಗುಂಯ್ ಎನ್ನಬೇಕು.

"ಅಪ್ಪಾ, ಮಧ್ಯಾಹ್ನ ಇದರೊಳಗ ಜೇನಹುಳ ಇರ್ತೈತಿ. ಮುಂಜಾನಿ ಇರಂಗಿಲ್ಲ."

"ಹುಳಕ್ಕೂ ಥಂಡಿ ಹತ್ತೈತೇನ?"

"ನಿನಗ ಬರೇ ಚಾಷ್ಟಿ. ಕಿವಿ ಇಟ್ಟ ನೋಡು."

ಇಟ್ಟು ನೋಡಿದೆ. ನಿಜವಿತ್ತು. ಅಂದಿನಿಂದ ಅದು ನಮ್ಮಿಬ್ಬರ ಆಟವಾಯಿತು. ನಾನು ಕೀಲಿ ತಿರುವುವುದು, ಅವಳು ಸೀಟಿಗೆ ಕಿವಿ ಹಚ್ಚಿ "ಇಲ್ಲ... ಇಲ್ಲ..." ಎನ್ನುವುದು. ಬಿಸಿಲು ಬಂದ ಮೇಲೆ ಅವಳು "ಬಂತು" ಎಂದಳೆಂದರೆ ಕಾರು ಸ್ಟಾರ್ಟ್ ಆಯಿತೆಂದೇ ಅರ್ಥ.

ಪಂಪೇ ಸಾಯುತ್ತಿದೆ ಎಂದು ನಾನು ತಿಳಿದೆ. ಪಂಪಿಗೆ ಕರೆಂಟು ಬಿಡುವ ರಿಲೇ ಎಂಬ ಬೆಂಕಿಪೊಟ್ಟಣದಷ್ಟು ಡಬ್ಬಿಯನ್ನು ಮೊದಲು ನೋಡಬೇಕೆಂದು ಹೊಳೆಯಲಿಲ್ಲ. ಖರ್ಚಿಗೆ ಹೆದರಿ ಕಾರನ್ನೇ ಮಾರಲು ನಿಂತೆ. ನೋಡಲು ಬರುವವರಿಗೆಲ್ಲ ಮಧ್ಯಾಹ್ನ ಊಟ ಮುಗಿಸಿಯೇ ಬರಲು ಹೇಳಿದೆ.

ಮುಂಡಗೋಡಿನ ಕಡೆಯ ಸನವಳ್ಳಿಯಿಂದ ಬಸಪ್ಪನವರು ಬಂದರು. ಗದ್ದೆ ಮಾಡಿಕೊಂಡಿದ್ದ ವಯಸ್ಸಾದವರು, ಹಣೆ ತುಂಬ ವಿಭೂತಿ. ಹೆಂಡತಿಗೆ ಕಿಡ್ನಿ ಕೆಟ್ಟಿತ್ತು. ರಕ್ತ ಶುದ್ಧಿ ಮಾಡಿಸಲು ವಾರವಾರವೂ ಹೊತ್ತು ಮೂಡುವ ಮೊದಲೇ ಹೊರಟು ಹುಬ್ಬಳ್ಳಿಯ ದವಾಖಾನೆ ಮುಟ್ಟಬೇಕಿತ್ತು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವರು ಇಂಜಿನ್ ನೋಡಲಿಲ್ಲ, ನನ್ನ ಮುಖ ನೋಡಿದರು.

"ಮುಂಜಾನಿ ಥಂಡ್ಯಾಗ ಹೆಂಗ್ರಿ, ಡ್ರೈವರ್ರ?"

"ಹೂ ಎತ್ತಿದಂಗ್ರಿ."

"ಮಾರಾವ್ರು ಎಲ್ಲಾರೂ ಹಂಗ ಅಂತಾರ" ಎಂದು ನಕ್ಕು, ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತಿದ್ದ ಸವಿತಾಳ ಕಡೆ ತಿರುಗಿದರು. "ನೀ ಹೇಳವ್ವ ತಂಗಿ. ಮುಂಜಾನಿ ನಿಮ್ಮ ಗಾಡಿ ಲಗೂನ ಚಾಲೂ ಆಗತೈತೇನ?"

ಅವಳು ಒಂಟಿಕಾಲಿನ ಮೇಲೆಯೇ ನಿಂತು ನನ್ನನ್ನು ನೋಡಿದಳು. ನಾನು ಕಣ್ಣು ತಪ್ಪಿಸಬಹುದಿತ್ತು. ತಪ್ಪಿಸಲಿಲ್ಲ. ಹುಬ್ಬು ಗಂಟಿಕ್ಕಿ ಅವಳನ್ನೇ ನೋಡಿದೆ.

"ಹೂಂ ರೀ" ಎಂದಳು. ಎತ್ತಿದ್ದ ಕಾಲು ಗೆರೆಯ ಮೇಲೆ ಬಿತ್ತು.

ಸಂಕ್ರಾಂತಿಯ ಹೊತ್ತಿಗೆ ಬಸಪ್ಪನವರು ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಜಗಳಕ್ಕೆ ಬಂದವರಲ್ಲ. ಕಾರು ಏಳದೆ ದವಾಖಾನೆ ತಪ್ಪಿ, ಹೆಂಡತಿಯ ಮೈಯೆಲ್ಲ ಬಾತು ಉಸಿರು ಸಿಕ್ಕಿಕೊಂಡಿತ್ತಂತೆ. "ಉಳದಾಳ್ರಿ" ಎಂದರು. ಆಮೇಲೆ ಮುಂಡಗೋಡಿನ ಎಲೆಕ್ಟ್ರಿಷಿಯನ್ ಒಬ್ಬ ಬೆಳಗಿನ ಚಳಿ ಇಳಿಯುವ ಮೊದಲೇ ಬಂದು, ಹಾರ್ನಿನ ರಿಲೇ ಕಿತ್ತು ಪಂಪಿನ ಜಾಗದಲ್ಲಿ ಹಾಕಿ ನೋಡಿದನಂತೆ. ಕೂಡಲೇ ಸ್ಟಾರ್ಟ್ ಆಯಿತಂತೆ. ಹಳೆಯ ರಿಲೇಯ ಒಳಗೆ ಬೆಸುಗೆ ಬಿರಿದಿತ್ತು. ಚಳಿಗೆ ಬಿಟ್ಟುಕೊಳ್ಳುತ್ತಿತ್ತು, ಬಿಸಿಲಿಗೆ ಕೂಡಿಕೊಳ್ಳುತ್ತಿತ್ತು.

"ಅಷ್ಟ ಇತ್ರಿ. ಒಂದ ಮಾತ ಅಂದಿದ್ರ ನಾನ ಮಾಡಿಸ್ಕೊಂತಿದ್ನಿ."

"ನನಗ ಗೊತ್ತಿದ್ದಿಲ್ರಿ" ಎಂದೆ. ಸವಿತಾ ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದಳು.

ಬಸಪ್ಪನವರು ನೀರು ಕುಡಿದು, ಅವಳ ತಲೆ ಸವರಿ, "ನಿಮ್ಮಪ್ಪನ ಮಾತಿಗಲ್ಲವ್ವ, ನಿನ್ನ ಮಾತಿಗೆ ತೊಗೊಂಡಿದ್ನಿ" ಎಂದು ಹೇಳಿ ಹೋದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಸವಿತಾ ಅಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಅಪ್ಪಾ, ಆ ಆಯಿ ಸತ್ತಿದ್ರ?" ಎಂದು ಕೇಳಿದಳು.

"ಸತ್ತಿಲ್ಲಲ್ಲ. ಸುಮ್ನ ಊಟಾ ಮಾಡು" ಎಂದೆ. ತಂದೆಯಾಗಿ ನಾನು ಕೊಟ್ಟ ಉತ್ತರ ಅಷ್ಟೇ.

ಈಗ ಅವಳು ಹಳಿಯಾಳದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಹೋದ ತಿಂಗಳು ಬಂದಿದ್ದಾಗ, ಇಷ್ಟು ವರ್ಷ ಬಾಯಿಗೆ ಬರದಿದ್ದ ಮಾತನ್ನು ಆಡಿದೆ. "ಕಾರು ಮಾರೂ ಮುಂದ ನಿನ್ನ ಕಡೆ ಸುಳ್ಳು ಹೇಳಿಸಿದ್ನೆವ್ವ. ತಪ್ಪಾತು."

"ಯಾವ ಕಾರು ಅಪ್ಪಾ? ನನಗೇನೂ ನೆನಪಿಲ್ಲ" ಎಂದು, ಶೇಂಗಾ ಸುಲಿಯುತ್ತಲೇ ನಕ್ಕಳು.

ಎಂಟು ವರ್ಷದವಳಿಗೆ ನನ್ನೆದುರು ಸುಳ್ಳು ಮುಚ್ಚಿಡಲು ಬರುತ್ತಿರಲಿಲ್ಲ. ಈಗ ಅವಳ ಮುಖವನ್ನು ಎಷ್ಟು ಹೊತ್ತು ನೋಡಿದರೂ, ನಿಜವಾಗಿ ಮರೆತಿದ್ದಾಳೋ, ಮುದುಕನಿಗೆ ನೋವಾಗದಿರಲೆಂದು ಹಾಗೆಂದಳೋ, ನನಗೆ ತಿಳಿಯಲಿಲ್ಲ.