ತಡವಾಗಿ ಮೊಟ್ಟೆಗೆ ಬರುವ ಹ್ಯಾಟೆಗಳ ಡಾಕ್ಟ್ರಮ್ಮ

ನಮ್ಮ ಸೀಮೆಯಲ್ಲಿ ಕೋಳಿ ಸಾಕಣೆಯೆಂದರೆ ಉದ್ದುದ್ದ ಶೆಡ್ಡುಗಳು, ಲಾರಿಯಲ್ಲಿ ಬಂದು ಲಾರಿಯಲ್ಲೇ ಹೋಗುವ ಬಿಳಿ ಕೋಳಿಗಳು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಅಪರೂಪವಾಗುತ್ತಿದ್ದ ಗಿಡ್ಡಗಾಲಿನ ನಾಟಿ ಕೋಳಿಗೂ ತನ್ನದೇ ಸ್ವಭಾವವಿದೆ, ಅದನ್ನು ಅರಿಯದೆ ಆ ತಳಿಯನ್ನು ಉಳಿಸಲಾಗದು ಎಂದು ತೋರಿಸಿಕೊಟ್ಟವರು ಡಾ. ಕನಕಲಕ್ಷ್ಮಿಯವರು. ಪಶುವೈದ್ಯರ ನಡುವೆ ಅವರ ಸ್ಥಾನವೇನೆಂಬುದನ್ನು ನಿವೃತ್ತಿಯ ನೆನಪಿಗೆ ತರುತ್ತಿರುವ ಈ ಅಭಿನಂದನಾ ಸಂಪುಟದ ಇತರ ಲೇಖಕರು ನನಗಿಂತ ಚೆನ್ನಾಗಿ ಹೇಳಿಯಾರು. ಸಂಜೆ ಕಾಲೇಜಿನಲ್ಲಿ ಓದಿದ ಗುಮಾಸ್ತ ನಾನು. ಕಂಡದ್ದನ್ನಷ್ಟೇ ಬರೆಯುತ್ತೇನೆ; ಅದರಲ್ಲೂ ಏನಾದರೂ ಹೆಚ್ಚುಕಡಿಮೆಯಾದರೆ ಮೇಡಂ ತಿದ್ದುತ್ತಾರೆಂಬ ಧೈರ್ಯವಿದೆ.

ನಂದಿಯ ಬಳಿಯ ನಮ್ಮ ತಳಿ ಘಟಕಕ್ಕೆ ಮೇಡಂ ಬಂದಾಗ ಅಲ್ಲಿದ್ದವರಿಗೆಲ್ಲ ಒಂದು ಕುತೂಹಲವಿತ್ತು. ಅವರದು ಮೇಷ್ಟ್ರುಗಳ ಮನೆತನ. ಮನೆಯಲ್ಲಿ ಮೊಟ್ಟೆ ಒಡೆದದ್ದೇ ಇಲ್ಲ. ನೆಂಟರ ಮದುವೆಗಳಲ್ಲಿ ಅವರನ್ನು 'ಕೋಳಿ ಡಾಕ್ಟ್ರು' ಎಂದು ಛೇಡಿಸುತ್ತಿದ್ದರಂತೆ. "ಊಟಕ್ಕೆ ಕೂತ್ಕೊಳೋಕ್ ಮುಂಚೆ ಎರಡು ಸಲ ಕೈ ತೊಳ್ಕೊ ಕಣೇ ಅಂತ ನಮ್ಮ ಅತ್ತೆ ಈಗಲೂ ಹೇಳ್ತಾರೆ" ಎಂದು ಅವರೇ ನಗುತ್ತಾ ಹೇಳಿದ್ದರು.

ಆಗ ನಾನು ಪದವಿ ಪರೀಕ್ಷೆಯಲ್ಲಿ ಒಂದೇ ವಿಷಯದಲ್ಲಿ ಮತ್ತೆ ಮತ್ತೆ ಅನುತ್ತೀರ್ಣನಾಗುತ್ತಿದ್ದೆ. ಮೇಡಂ ಬುದ್ಧಿವಾದ ಹೇಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನನ್ನ ಕೆಲಸವನ್ನು ಬೆಳಗಿನ ಪಾಳಿಗೆ ಬದಲಿಸಿ, ಚಿಕ್ಕಬಳ್ಳಾಪುರದ ತರಗತಿ ಶುರುವಾಗುವ ಹೊತ್ತಿಗೆ ನಾನು ಬಸ್ಸಿನಲ್ಲಿರುವಂತೆ ನೋಡಿಕೊಂಡರು. ನಾನು ತೇರ್ಗಡೆಯಾದ ದಿನವೂ "ಹಾಗಾದ್ರೆ ಇನ್ನು ಸಂಜೆ ಪಾಳಿಗೂ ಬರಬಹುದಲ್ಲ" ಎಂದಷ್ಟೇ ಅಂದರು.

ಅವರ ಸೇವಾವಧಿಯ ಬಹು ದೊಡ್ಡ ಪರೀಕ್ಷೆ ಜಂಗಮಕೋಟೆಯಲ್ಲಿ ನಡೆಯಿತೆಂದು ನನ್ನ ಅನಿಸಿಕೆ. ಘಟಕದಲ್ಲಿ ಜಾಗ ಸಾಲದೆ, ನಮ್ಮಲ್ಲಿದ್ದ ಗಿಡ್ಡಗಾಲಿನ ಎಳೆಯ ಹ್ಯಾಟೆಗಳನ್ನು, ಅಂದರೆ ಇನ್ನೂ ಮೊದಲ ಮೊಟ್ಟೆ ಇಡದ ಹೆಣ್ಣು ಕೋಳಿಗಳನ್ನು, ಅಲ್ಲಿನ ಓಬಳಮ್ಮನವರ ಸುಪರ್ದಿಗೆ ಕೊಟ್ಟಿದ್ದೆವು. ಅವರು ರೇಷ್ಮೆ ಹುಳು ಸಾಕುವುದರಲ್ಲಿ ಹೆಸರಾದವರು. ಖಾಲಿ ಬಿದ್ದಿದ್ದ ಅವರ ಹಳೆಯ ಹುಳು ಮನೆಯಲ್ಲೇ ಹ್ಯಾಟೆಗಳು ಬೆಳೆದವು. ಫಾರಂ ಕೋಳಿಗಳು ಮೊಟ್ಟೆಗೆ ಬರುವ ವಯಸ್ಸು ದಾಟಿತು. ಇವು ಮೊಟ್ಟೆ ಇಡಲಿಲ್ಲ. ಮೇಲಧಿಕಾರಿಯಾಗಿದ್ದ ಸುಧೀಂದ್ರ ಅವರು ಬಂದು ನೋಡುವುದೆಂದೂ, ಆಗಲೂ ಮೊಟ್ಟೆಯ ಸುಳಿವಿಲ್ಲದಿದ್ದರೆ ಎಲ್ಲವನ್ನೂ ಮಾಂಸಕ್ಕೆ ಮಾರುವುದೆಂದೂ ತೀರ್ಮಾನವಾಯಿತು. ನಮಗೆ ತಿಳಿದಂತೆ ಆ ತಳಿಯ ಹಿಂಡು ಬೇರೆಲ್ಲೂ ಉಳಿದಿರಲಿಲ್ಲ. ಅವು ಹೋದರೆ ತಳಿಯೇ ಹೋದಂತೆ.

ಮೇಡಂ ಜೊತೆ ನಾನೂ ಜಂಗಮಕೋಟೆಗೆ ಹೋದೆ. ಓಬಳಮ್ಮನವರು ಬಾಗಿಲಲ್ಲೇ ದೂರು ತೆಗೆದರು. "ಡಾಕ್ಟ್ರಮ್ಮ, ನೀವ್ ಕೊಟ್ಟಿದ್ದು ಹ್ಯಾಟೆಗಳಲ್ಲ, ನೆಂಟ್ರು. ತಿಂತವೆ, ಮಲಗ್ತವೆ, ಒಂದು ಉಪಕಾರ ಇಲ್ಲ."

ಒಳಗೆ ಕಾಲಿಟ್ಟಾಗ ನನಗೆ ಮೆಚ್ಚುಗೆಯೇ ಆಯಿತು. ಕಿಟಕಿಗಳಿಗೆ ಗೋಣಿಚೀಲ ಇಳಿಬಿಟ್ಟಿತ್ತು. ಸಿಮೆಂಟಿನ ನೆಲವನ್ನು ದಿನವೂ ಗುಡಿಸಿ, ಸುಣ್ಣದ ಪುಡಿ ಚೆಲ್ಲಿ, ಹುಲ್ಲನ್ನು ಬದಲಿಸುತ್ತಿದ್ದರು. ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿರಲಿಲ್ಲ. ಮೇಡಂ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತರು. ಮಧ್ಯಾಹ್ನವೆಲ್ಲ ಕೂತೇ ಇದ್ದರು. ಗೋಣಿಯ ತೂತಿನಿಂದ ನೆಲದ ಮೇಲೆ ಬಿದ್ದ ಬಿಸಿಲಿನ ತುಣುಕಿಗಾಗಿ ಹ್ಯಾಟೆಗಳು ಒಂದನ್ನೊಂದು ತಳ್ಳಾಡುತ್ತಿದ್ದವು. ಒಂದು ಬರಿಯ ಸಿಮೆಂಟಿನ ಮೇಲೆಯೇ ಮೈ ಹೊರಳಿಸಿ, ಇಲ್ಲದ ಧೂಳನ್ನು ರೆಕ್ಕೆಯಿಂದ ಎರಚಿಕೊಳ್ಳುತ್ತಿತ್ತು. ಇನ್ನೊಂದು ಹುಲ್ಲನ್ನು ಕಾಲಿನಿಂದ ಕೆದರಿ ಗುಂಡಿ ಮಾಡಿಕೊಳ್ಳುವಷ್ಟರಲ್ಲಿ ಓಬಳಮ್ಮನವರ ಸೊಸೆ ಸೌಜನ್ಯ ಪೊರಕೆ ಹಿಡಿದು ಬಂದು, ಅದನ್ನು ಬಳಿದುಕೊಂಡು ಹೋದಳು.

ಆಗ ಮೇಡಂ ಎದ್ದರು. "ನಿಮ್ಮ ಕೈಯಲ್ಲಿ ತಪ್ಪಿಲ್ಲ ಓಬಳಮ್ಮ. ಹುಳ ಸಾಕೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಆದ್ರೆ ಇವು ಹುಳ ಅಲ್ಲ ಕಣಮ್ಮ. ಇವಕ್ಕೆ ಬೆಳಕು ಬೇಕು, ಧೂಳು ಬೇಕು. ಇವತ್ತು ಇಷ್ಟಪಟ್ಟ ಮೂಲೆ ನಾಳೆನೂ ಹಾಗೇ ಇರ್ಬೇಕು."

ಕಿಟಕಿಯ ಗೋಣಿಗಳನ್ನು ತೆಗೆದದ್ದಾಯಿತು. ಅಂಗಳದ ಬಾಗಿಲು ತೆರೆಯಿತು. ಬೂದಿ, ಮಣ್ಣು ಬೆರೆಸಿದ ಗುಡ್ಡೆಯೊಂದು ಬಿತ್ತು. ಓಬಳಮ್ಮನವರಿಗೆ ನಿಜವಾಗಿ ಸಂಕಟವಾದದ್ದು ಗುಡಿಸದೆ ಬಿಟ್ಟ ಮೂಲೆಯಿಂದ. ಬಂದವರು ತಮ್ಮನ್ನು ಏನೆಂದುಕೊಂಡಾರು ಎಂದು ಅವರು ಪದೇ ಪದೇ ಪೊರಕೆಯತ್ತ ನೋಡುತ್ತಿದ್ದರು. ಮೇಡಂ ಪೊರಕೆಯನ್ನು ನಮ್ಮ ಜೀಪಿನಲ್ಲಿ ಹಾಕಿಕೊಂಡು ಬಂದರು.

ಇಷ್ಟಾದರೂ ಸುಧೀಂದ್ರ ಅವರು ಬಂದ ದಿನ ಮೊಟ್ಟೆಗೆಂದು ಇಟ್ಟಿದ್ದ ಬುಟ್ಟಿ ಬರಿದಾಗಿಯೇ ಇತ್ತು. ಅವರು ಕೆಟ್ಟವರಲ್ಲ, ಮೊಟ್ಟೆ ಇಡದ ಕೋಳಿಗೆ ಸರ್ಕಾರದ ಮೇವು ಹಾಕಿದ್ದೇಕೆಂದು ಅವರನ್ನೂ ಕೇಳುವವರಿದ್ದರು. ಮೇಡಂ ವಾದ ಮಾಡಲಿಲ್ಲ. ಅಧಿಕಾರಿಯನ್ನು ಅಂಗಳಕ್ಕೆ ಕರೆದೊಯ್ದು, ಮೆಲ್ಲಗೆ ನಡೆದು ಒಂದು ಹ್ಯಾಟೆಯ ಬೆನ್ನಿನ ಮೇಲೆ ಕೈಯಿಡಿ ಎಂದರು. ಇಸ್ತ್ರಿ ಮಾಡಿದ ಪ್ಯಾಂಟು ಮಂಡಿಯ ಬಳಿ ಸುಕ್ಕಾಗುವಂತೆ ಅವರು ಬಗ್ಗಿದರು. ಹ್ಯಾಟೆ ಓಡಲಿಲ್ಲ. ರೆಕ್ಕೆಯನ್ನು ಕೊಂಚ ಅಗಲಿಸಿ, ಅವರ ಬೂಟಿನ ಮುಂದೆಯೇ ನೆಲಕ್ಕೆ ಕುಗ್ಗಿ ಕೂತಿತು.

"ಹೆದರಿಕೊಂಡಿದೆ" ಎಂದರು ಅವರು.

"ಹೆದರಿದ್ರೆ ಓಡ್ತಿತ್ತು ಸರ್. ಮೊಟ್ಟೆಗೆ ಬರೋ ಹ್ಯಾಟೆ ಮಾತ್ರ ಹೀಗೆ ಕೂರತ್ತೆ. ಜುಟ್ಟು ನೋಡಿ, ಕೆಂಪೇರ್ತಾ ಇದೆ. ಇದು ತಡವಾಗಿ ಬರೋ ಜಾತಿ, ಬರದೇ ಇರೋ ಜಾತಿ ಅಲ್ಲ. ಹೊಣೆ ನಂದು, ಬೇಕಾದ್ರೆ ನನ್ನ ಮೇಲೆ ಬರೀರಿ."

ಅಷ್ಟುಹೊತ್ತು ಸೆರಗು ಕಚ್ಚಿಕೊಂಡು ನಿಂತಿದ್ದ ಓಬಳಮ್ಮನವರು ಮಧ್ಯೆ ಬಾಯಿ ಹಾಕಿದರು. "ಸಾಹೇಬ್ರೆ, ನೆಂಟ್ರೂಂತ ಬೈದೋಳು ನಾನು. ಆದ್ರೆ ಮನೆಗ್ ಬಂದ ನೆಂಟ್ರನ್ನ ಕೊಯ್ಯೋಕೆ ಕೊಡಲ್ಲ." ಸುಧೀಂದ್ರ ಅವರು ನಕ್ಕುಬಿಟ್ಟರು. ಕೈಯೊರೆಸಿಕೊಂಡು, ಇನ್ನಷ್ಟು ಕಾಲ ಕಾಯೋಣವೆಂದು ಹೇಳಿ ಹೊರಟರು.

ಮೊದಲ ಮೊಟ್ಟೆ ಗುಡಿಸದ ಆ ಮೂಲೆಯಲ್ಲೇ ಸಿಕ್ಕಿತೆಂದು ಮುಂದಿನ ವಾರ ಸೌಜನ್ಯ ಫೋನು ಮಾಡಿದಳು. ಕಂದು ಬಣ್ಣದ, ನಿಂಬೆಹಣ್ಣಿಗಿಂತ ತುಸುವೇ ದೊಡ್ಡದಾದ ಮೊಟ್ಟೆ. ಮೇಡಂ ಸುದ್ದಿ ಕೇಳಿ, ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತಿದ್ದರು. ಇಂದು ಅದೇ ಹಿಂಡಿನ ಸಂತತಿ ಗೌರಿಬಿದನೂರಿನ ತೋಟದ ಮನೆಗಳಲ್ಲಿಯೂ ಚಿಂತಾಮಣಿಯ ಹಿತ್ತಲುಗಳಲ್ಲಿಯೂ ಗಿಡ್ಡ ಹೆಜ್ಜೆಯಿಡುತ್ತಾ ತಿರುಗುತ್ತಿದೆ. ಹ್ಯಾಟೆ ಕೊಡುವಾಗಲೆಲ್ಲ ಮೇಡಂ ಸಾಕುವವರಿಗೆ ಹೇಳುತ್ತಿದ್ದುದು ಒಂದೇ ಮಾತು: ಔಷಧಿ ಆಮೇಲೆ, ಮೊದಲು ಅದರ ಪಕ್ಕ ಸ್ವಲ್ಪ ಹೊತ್ತು ಕೂತು ನೋಡಿ.

ಈ ಲೇಖನ ಬರೆಯುತ್ತಿದ್ದೇನೆಂದು ತಿಳಿದು ಓಬಳಮ್ಮನವರು ಹೇಳಿ ಕಳಿಸಿದ್ದಾರೆ: "ರಿಟೈರಾದ್ರೆ ಏನಂತೆ, ಭಾನುವಾರ ಬರ್ಲಿ. ಈ ಸಲದ ಹ್ಯಾಟೇಲಿ ಒಂದು ಬಲು ಬಿಂಕದ್ದು, ಯಾರ ಹತ್ರಾನೂ ಬರಲ್ಲ." ಆ ಹ್ಯಾಟೆ ಮೊಟ್ಟೆಗೆ ಬರುವವರೆಗೆ, ಆಮೇಲೆ ಅದರ ಮರಿಗಳು, ಆ ಮರಿಗಳ ಮರಿಗಳು ಮೊಟ್ಟೆಗೆ ಬರುವವರೆಗೆ, ಆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಯುವಷ್ಟು ಆಯುಸ್ಸೂ ಮಂಡಿಗಳಿಗೆ ಅಷ್ಟೇ ಬಲವೂ ನಮ್ಮ ಮೇಡಂ ಅವರಿಗಿರಲಿ.